ಹೊಸ ಆಟ, ಹಳೇ ಚುಕ್ಕಿ: ಡೀಮೇಕ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ಬೇಸಿಗೆ ರಜೆಯಲ್ಲಿ ಸಾಗರದ ಹತ್ತಿರದ ನಮ್ಮ ಮನೆ ಜಗಲಿಯ ಮೇಲೆ ಐದಾರು ಮಕ್ಕಳು ಲ್ಯಾಪ್‌ಟಾಪ್ ಹಿಡಿದು ಕೂರುತ್ತಾರೆ. ಈಗಿನ ದೊಡ್ಡ ದೊಡ್ಡ ವಿಡಿಯೋ ಗೇಮ್‌ಗಳನ್ನು ಹಳೇ ಕಾಲದ ಚುಕ್ಕಿ ಚುಕ್ಕಿ (ಪಿಕ್ಸೆಲ್) ರೂಪಕ್ಕೆ ಇಳಿಸುವುದು ನಮ್ಮ ಕೆಲಸ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಕೇಳುವುದು ಹೆಚ್ಚುಕಮ್ಮಿ ಅದದೇ ಪ್ರಶ್ನೆಗಳು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಡೀಮೇಕ್ ಅಂದ್ರೆ ಏನಣ್ಣಾ?

ರೀಮೇಕ್ ಗೊತ್ತಲ್ವಾ, ಹಳೇದನ್ನು ಹೊಸದಾಗಿ ಮಾಡೋದು. ಡೀಮೇಕ್ ಅದರ ಉಲ್ಟಾ. ಈಗಿನ ಒಂದು ಆಟ ಮೂವತ್ತು ನಲವತ್ತು ವರ್ಷದ ಹಿಂದೆ ಬಂದಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿ, ಅದರಂತೆ ಬುಡದಿಂದ ಕಟ್ಟುವುದು. ಇದನ್ನು ಹೆಚ್ಚಾಗಿ ಮಾಡುವವರು ಕಂಪನಿಯವರಲ್ಲ, ಆ ಆಟವನ್ನು ಮನಸಾರೆ ಮೆಚ್ಚಿದ ಆಟಗಾರರು. ನಮ್ಮ ಜಗಲಿಯಲ್ಲಿ ಒಂದು ನಿಯಮ ಇದೆ. ಮೂಲ ಆಟದ ಒಂದು ಚಿತ್ರವನ್ನೂ ಎತ್ತಿಕೊಳ್ಳುವಂತಿಲ್ಲ. ಎಲ್ಲವನ್ನೂ ಹೊಸದಾಗಿ ಬಿಡಿಸಬೇಕು, ಹೊಸದಾಗಿ ಬರೆಯಬೇಕು.

ನನ್ನ ವಯಸ್ಸಿನವರಿಗೆ ಇದು ಬೇಗ ಹಿಡಿಸುತ್ತದೆ. ಟಿವಿಗೆ ಸಿಕ್ಕಿಸಿ ಆಡುವ ಗೇಮು, ಹಳದಿ ಕ್ಯಾಸೆಟ್ಟು, ಅದರ ಮೇಲೆ ‘9999 ಇನ್ 1’ ಅಂತ ಚೀಟಿ. ಓಡದಿದ್ದರೆ ಕ್ಯಾಸೆಟ್ಟಿನ ಬಾಯಿಗೆ ಊದಿ ಮತ್ತೆ ಹಾಕುತ್ತಿದ್ದೆವು. ಆ ಮೆಷಿನ್ನುಗಳು 1983ರಲ್ಲಿ ಜಪಾನಿನಲ್ಲಿ ಬಂದ ನಿಂಟೆಂಡೋ ಫ್ಯಾಮಿಕಾಂನ ನಕಲುಗಳು. ಈಗಿನ ಮಕ್ಕಳು ಅದನ್ನು ಕಂಡಿಲ್ಲ. ಆದರೂ ಚುಕ್ಕಿ ಚಿತ್ರ ಅವರಿಗೂ ಇಷ್ಟ.

ಗ್ರಾಫಿಕ್ಸ್ ಇಷ್ಟು ಚೆನ್ನಾಗಿ ಬಂದಿರುವಾಗ ಹಿಂದಕ್ಕೆ ಯಾಕೆ ಹೋಗಬೇಕು?

ಆಲೆಮನೆ ನೋಡಿದ್ದೀರಲ್ಲ? ಕೊಪ್ಪರಿಗೆ ತುಂಬಾ ಕಬ್ಬಿನ ಹಾಲು ಹುಯ್ದು ಗಂಟೆಗಟ್ಟಲೆ ಕಾಯಿಸುತ್ತಾರೆ. ಕೊನೆಗೆ ಉಳಿಯುವ ಜೋನಿ ಬೆಲ್ಲ ಸ್ವಲ್ಪವೇ. ರುಚಿ ಮಾತ್ರ ಅಷ್ಟೂ ಅಲ್ಲೇ ಇರುತ್ತದೆ. ಡೀಮೇಕ್ ಮಾಡುವಾಗ ಆಗುವುದು ಅದೇ. ಜಾಗ ಇಲ್ಲ, ಬಣ್ಣ ಇಲ್ಲ, ಮೆಮೊರಿ ಇಲ್ಲ. ಒಂದೊಂದನ್ನೇ ಬಿಡುತ್ತಾ ಹೋಗಬೇಕು. ಬಿಡುತ್ತಾ ಬಿಡುತ್ತಾ ಒಂದು ಕಡೆ ಕೈ ನಿಲ್ಲುತ್ತದೆ. ಇದನ್ನು ತೆಗೆದರೆ ಇದು ಆ ಆಟವೇ ಅಲ್ಲ ಅಂತ ಅನಿಸುತ್ತದೆ. ಆ ಆಟದ ಜೀವ ಎಲ್ಲಿದೆ ಅಂತ ನಿಮಗೆ ಗೊತ್ತಾಗುವುದು ಆಗ. ನೂರು ಗಂಟೆ ಆಡಿದರೂ ಇದು ಇಷ್ಟು ಸ್ಪಷ್ಟವಾಗಿ ಗೊತ್ತಾಗುವುದಿಲ್ಲ. ನಾನು ಮಕ್ಕಳನ್ನು ಕೂರಿಸಿಕೊಂಡು ಇದನ್ನು ಮಾಡಿಸುವುದೇ ಈ ಒಂದು ಕಾರಣಕ್ಕೆ.

ಫೋಟೋ ಥರ ಒಂದು ಪಿಕ್ಸೆಲ್ ಫಿಲ್ಟರ್ ಹಾಕಿದ್ರೆ ಆಗಲ್ವಾ?

ಆಗಲ್ಲ. ಫಿಲ್ಟರ್ ಇದ್ದದ್ದನ್ನೇ ಮಸುಕು ಮಾಡುತ್ತದೆ. ಯಾವುದು ಮುಖ್ಯ ಅಂತ ಅದಕ್ಕೆ ತಿಳಿಯುವುದಿಲ್ಲ. ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಮನುಷ್ಯನಲ್ಲಿ ಕಣ್ಣು ಬೇಕಾ, ಮೂಗು ಬೇಕಾ, ಟೋಪಿ ಸಾಕಾ ಅಂತ ತೀರ್ಮಾನ ಮಾಡುವುದು ಬಿಡಿಸುವವರ ಕೆಲಸ.

ಹಳೇ ಮೆಷಿನ್ನಿನ ಮಿತಿ ಅಂತೀರಲ್ಲ, ನಿಜವಾಗಿ ಎಷ್ಟಿತ್ತು?

ಕೇಳಿದರೆ ನಂಬೋದು ಕಷ್ಟ. 1977ರ ಅಟಾರಿ 2600 ಎಂಬ ಗೇಮ್ ಮೆಷಿನ್ನಿನಲ್ಲಿ ಇದ್ದ ರ‍್ಯಾಮ್ 128 ಬೈಟ್. ಕಂಪ್ಯೂಟರಿನಲ್ಲಿ ಸಾಮಾನ್ಯವಾಗಿ ಕನ್ನಡದ ಒಂದೊಂದು ಗುರುತಿಗೆ 3 ಬೈಟ್ ಬೇಕು. ‘ಅಡಿಕೆ’ ಅಂತ ಬರೆದರೆ 15 ಬೈಟ್. ಮಧ್ಯೆ ಜಾಗ ಬಿಟ್ಟು ಎಂಟು ಸಲ ‘ಅಡಿಕೆ’ ಬರೆಯುವಷ್ಟರಲ್ಲಿ ಆ ಮೆಷಿನ್ನಿನ ನೆನಪಿನ ಶಕ್ತಿ ಮುಗಿದೇ ಹೋಯಿತು.

ಕೈಯಲ್ಲಿ ಹಿಡಿದು ಆಡುವ 1989ರ ಗೇಮ್ ಬಾಯ್ ಮೆಷಿನ್ನಿನ ಪರದೆ 160 ಚುಕ್ಕಿ ಅಗಲ, 144 ಚುಕ್ಕಿ ಎತ್ತರ. ಬಣ್ಣ ಅಂತ ಹೇಳುವಂತಿಲ್ಲ, ಒಂದೇ ಹಸಿರಿನ ನಾಲ್ಕು ಛಾಯೆ. ನಿಮ್ಮ ಫೋನಿನ ಪರದೆ 1080ಕ್ಕೆ 1920 ಇದ್ದರೆ, ಅದರ ಒಟ್ಟು ಚುಕ್ಕಿ ಗೇಮ್ ಬಾಯ್‌ನ 90 ಪರದೆಯ ಚುಕ್ಕಿಗೆ ಸಮ. ಫ್ಯಾಮಿಕಾಂ ಪರದೆ 256ಕ್ಕೆ 240. ಅದರ ರ‍್ಯಾಮ್ 2 ಕೆಬಿ. ಚಲಿಸುವ ತುಣುಕುಗಳು, ಅಂದರೆ ಸ್ಪ್ರೈಟ್‌ಗಳು, ಒಟ್ಟು 64. ಒಂದೇ ಅಡ್ಡ ಸಾಲಿನಲ್ಲಿ ಎಂಟಕ್ಕಿಂತ ಜಾಸ್ತಿ ಬಂದರೆ ಮಿಕ್ಕಿದ್ದು ಕಾಣುವುದಿಲ್ಲ. ಹಳೇ ಆಟಗಳಲ್ಲಿ ಶತ್ರುಗಳು ಗುಂಪಾಗಿ ಬಂದಾಗ ಮಿಣಮಿಣ ಅನ್ನುತ್ತಿದ್ದದ್ದು ನೆನಪಿದೆಯಾ? ಈ ಮಿತಿಯಿಂದಲೇ. ಒಂದು ಫ್ರೇಮಿನಲ್ಲಿ, ಅಂದರೆ ಪರದೆ ಮೇಲೆ ಒಂದು ಕ್ಷಣ ಮೂಡುವ ಚಿತ್ರದಲ್ಲಿ, ಇವರು, ಇನ್ನೊಂದರಲ್ಲಿ ಅವರು ಅಂತ ಸರದಿ ಮೇಲೆ ತೋರಿಸುತ್ತಿದ್ದರು.

ಎಲ್ಲ ಡೀಮೇಕ್‌ಗಳೂ ನಿಜವಾದ ಹಳೇ ಮೆಷಿನ್ನಿನಲ್ಲಿ ಓಡುವುದಿಲ್ಲ. ಕೆಲವರು ಈಗಿನ ಕಂಪ್ಯೂಟರಿನಲ್ಲೇ ಓಡುವ ಹಾಗೆ ಮಾಡಿ, ನೋಟ ಮಾತ್ರ ಹಳೇದು ಇಡುತ್ತಾರೆ. ಎರಡೂ ಸರಿಯೇ. ಆದರೆ ಹೊಸಬರಿಗೆ ನಾನು ಹೇಳುವುದು, ಮಿತಿ ಹಾಕಿಕೊಂಡೇ ಮಾಡಿ. ಮಿತಿ ಇಲ್ಲದಿದ್ದರೆ ಯಾವುದನ್ನೂ ಬಿಡಲು ಮನಸ್ಸು ಬರುವುದಿಲ್ಲ.

ಮೊದಲು ಯಾವುದನ್ನು ನೋಡಲಿ?

‘ಹೇಲೋ 2600’ ನೋಡಿ. ಹೇಲೋ ಎಂಬ ದೊಡ್ಡ ಶೂಟಿಂಗ್ ಆಟವನ್ನು ಆ 128 ಬೈಟಿನ ಅಟಾರಿಗೆ ಇಳಿಸಿದ್ದು. ಮಾಡಿದವರು ಎಡ್ ಫ್ರೈಸ್. ಎಕ್ಸ್‌ಬಾಕ್ಸ್ ಎಂಬ ಗೇಮ್ ಮೆಷಿನ್ನು ಶುರುವಾದ ಕಾಲದಲ್ಲಿ ಮೈಕ್ರೋಸಾಫ್ಟಿನ ಗೇಮ್ ವಿಭಾಗ ನೋಡಿಕೊಳ್ಳುತ್ತಿದ್ದವರು ಅವರೇ. ಕೆಲಸ ಬಿಟ್ಟು ವರ್ಷಗಳಾದ ಮೇಲೆ, 2010ರಲ್ಲಿ, ಇಡೀ ಆಟವನ್ನು 4 ಕೆಬಿಯಲ್ಲಿ ಕೂರಿಸಿದರು. ನಾಯಕ ಬೆರಳೆಣಿಕೆ ಚುಕ್ಕಿಗಳ ಒಂದು ಗೊಂಬೆ. ಆದರೂ ಆಡಿದ ಕೂಡಲೇ ಇದು ಹೇಲೋ ಅಂತ ಗೊತ್ತಾಗುತ್ತದೆ. 2013ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಕಲಾ ಸಂಗ್ರಹಾಲಯ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಮೈ ಜುಂ ಅನ್ನುತ್ತದೆ.

ಆಮೇಲೆ ‘ಗ್ಯಾಂಗ್ ಗ್ಯಾರಿಸನ್ 2’. ಟೀಮ್ ಫೋರ್ಟ್ರೆಸ್ 2 ಆಟದ ಡೀಮೇಕ್, 2008ರದು. ಹಲವರು ಒಟ್ಟಿಗೆ ಸೇರಿ ಆಡಬಹುದು. ‘ಸೂಪರ್ ಸ್ಮ್ಯಾಶ್ ಲ್ಯಾಂಡ್’ 2011ರದು, ಸೂಪರ್ ಸ್ಮ್ಯಾಶ್ ಬ್ರದರ್ಸ್ ಎಂಬ ಹೊಡೆದಾಟದ ಆಟದ ಡೀಮೇಕ್, ಗೇಮ್ ಬಾಯ್ ಥರದ್ದು. ಅದನ್ನು ಮಾಡಿದವರು ಮುಂದೆ ಸ್ವಂತ ಹೊಡೆದಾಟದ ಆಟವನ್ನೇ ಮಾಡಿದರು, ಹೆಸರು ‘ರೈವಲ್ಸ್ ಆಫ್ ಈಥರ್’. ‘ರೆಟ್ರೋ ಸಿಟಿ ರ‍್ಯಾಂಪೇಜ್’ ಕಥೆ ಇನ್ನೂ ಉದ್ದ. 2002ರ ಹೊತ್ತಿಗೆ ಒಬ್ಬರು ಗ್ರ್ಯಾಂಡ್ ಥೆಫ್ಟ್ ಆಟೋ 3ನ್ನು ಆ ಹಳೇ ನಿಂಟೆಂಡೋಗೆ ಇಳಿಸಲು ಹೊರಟರು. ಮಾಡುತ್ತಾ ಮಾಡುತ್ತಾ ಅದು ಅವರದ್ದೇ ಆದ ಬೇರೆ ಆಟವಾಯಿತು. 2012ರಲ್ಲಿ ಮಾರಾಟಕ್ಕೆ ಬಂತು.

ಯಾವುದನ್ನು ಬಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು? ಅದೇ ಗೊತ್ತಾಗಲ್ಲ.

ಇದಕ್ಕೆ ಸೂತ್ರ ಇಲ್ಲ. ನಮ್ಮಲ್ಲಿ ಆದದ್ದನ್ನು ಹೇಳುತ್ತೇನೆ.

‘ಜರ್ನಿ’ ಅಂತ ಒಂದು ಆಟ, 2012ರದು. ಕೆಂಪು ನಿಲುವಂಗಿ ತೊಟ್ಟ ಒಬ್ಬ ಯಾತ್ರಿಕ ಮರಳುಗಾಡಿನಲ್ಲಿ ದೂರದ ಬೆಟ್ಟದ ಕಡೆ ನಡೆಯುತ್ತಾನೆ. ಮಾತಿಲ್ಲ. ಕುತ್ತಿಗೆಗೆ ಒಂದು ಶಾಲು. ದಾರಿಯಲ್ಲಿ ಹೊಳೆಯುವ ಗುರುತು ಸಿಕ್ಕಿದಂತೆ ಶಾಲು ಉದ್ದವಾಗುತ್ತದೆ. ಶಾಲು ಉದ್ದವಾದಷ್ಟೂ ಜಾಸ್ತಿ ಹೊತ್ತು ಹಾರಬಹುದು.

ಆ ಆಟದಲ್ಲಿ ಎಲ್ಲರೂ ಮೆಚ್ಚುವುದು ಮರಳನ್ನು. ಬಿಸಿಲಿಗೆ ಹೊಳೆಯುವ, ಕಾಲಿಟ್ಟರೆ ಜಾರುವ ಮರಳು. ನಾವೂ ಅದರಿಂದಲೇ ಶುರು ಮಾಡಿದೆವು. ಇದ್ದದ್ದು ಹದಿನಾರೇ ಬಣ್ಣ. ಒಂದು ಬಿಟ್ಟು ಒಂದು ಚುಕ್ಕಿ ಇಟ್ಟು ನೆರಳು ಮೂಡಿಸಿದೆವು. ಮೂರು ವಾರ ಕೂತೆವು. ನಿಂತ ಚಿತ್ರದಲ್ಲಿ ಚೆನ್ನಾಗಿತ್ತು. ಪರದೆ ಸರಿಯಲು ಶುರುವಾದರೆ ಕಣ್ಣು ಕುಕ್ಕುತ್ತಿತ್ತು. ಯಾತ್ರಿಕ ಎಲ್ಲಿದ್ದಾನೆ ಅಂತಲೇ ಕಾಣುತ್ತಿರಲಿಲ್ಲ.

ಆಗ ಎಂಟನೇ ಕ್ಲಾಸಿನ ಒಬ್ಬಳು ಹೇಳಿದಳು, “ಅಣ್ಣಾ, ಮರಳು ತೆಗೀರಿ. ಶಾಲು ಸಾಕು.”

ತೆಗೆದೆವು. ನೆಲಕ್ಕೆ ಒಂದೇ ಹಳದಿ, ದಿಬ್ಬಕ್ಕೆ ಒಂದು ಗೆರೆ. ಯಾತ್ರಿಕ ಎಂಟು ಚುಕ್ಕಿ ಎತ್ತರದ ಕೆಂಪು ತ್ರಿಕೋನ, ಮುಖದ ಜಾಗದಲ್ಲಿ ಕಪ್ಪು, ಅದರೊಳಗೆ ಎರಡು ಬಿಳಿ ಚುಕ್ಕಿ. ಉಳಿದ ಶ್ರಮವನ್ನೆಲ್ಲ ಶಾಲಿಗೆ ಹಾಕಿದೆವು. ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ. ಪ್ರತಿ ಫ್ರೇಮಿನಲ್ಲೂ ಯಾತ್ರಿಕ ಇದ್ದ ಜಾಗವನ್ನು ಬರೆದಿಟ್ಟುಕೊಳ್ಳುವುದು. ಕೊನೆಯ 30 ಜಾಗ, ಅಂದರೆ ಅರ್ಧ ಸೆಕೆಂಡಿನ ಹಿಂದಿನವರೆಗೆ, ಒಂದೊಂದು ಚುಕ್ಕಿ ಇಡುವುದು. ಅಷ್ಟೇ. ಅವನು ಹಾರಿದರೆ ಶಾಲು ಅವನ ಹಿಂದೆ ಅಲೆಯಾಗಿ ಬಂತು. ಇಳಿದರೆ ತಡವಾಗಿ ಇಳಿಯಿತು. ಅವನು ಸುಮ್ನೆ ನಿಂತರೆ ಮಾತ್ರ ಎಲ್ಲ ಚುಕ್ಕಿ ಒಂದೇ ಕಡೆ ಬಿದ್ದು ಶಾಲು ಮಾಯ! ಅದಕ್ಕೆ ಹಿಂದಿನ ಒಂದೊಂದು ಚುಕ್ಕಿಯನ್ನೂ ಸ್ವಲ್ಪ ಸ್ವಲ್ಪ ಎಡಕ್ಕೆ ತಳ್ಳಿದೆವು. ಗಾಳಿ ಬಂತು. ಹಾರುವ ಶಕ್ತಿ ಎಷ್ಟು ಉಳಿದಿದೆಯೋ ಅಷ್ಟು ಚುಕ್ಕಿ ಬಿಳಿ, ಖಾಲಿಯಾದದ್ದು ಕೆಂಪು. ಮೇಲೆ ಅಂಕಿ ಬೇಡ, ಪಟ್ಟಿ ಬೇಡ.

ಆ ಸಂಜೆ ಜಗಲಿಯಲ್ಲಿ ಎಲ್ಲರೂ ಸರದಿ ಮೇಲೆ ಆಡಿದರು. ಯಾರೂ ಮರಳನ್ನು ಕೇಳಲಿಲ್ಲ.

ನಾಲ್ಕೇ ಬಣ್ಣದಲ್ಲಿ ಚಿತ್ರ ಚೆನ್ನಾಗಿ ಬರುತ್ತಾ?

ನಮ್ಮ ಕಡೆಯವರು ಇದನ್ನು ಕೇಳಬಾರದು. ದೀವರ ಮನೆಗಳ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣು ಬಳಿದ ಗೋಡೆ. ಅಕ್ಕಿ ಅರೆದು ಮಾಡಿದ ಬಿಳಿ. ಸುಟ್ಟ ಅಕ್ಕಿಯ ಕಪ್ಪು. ಗುರಿಗೆ ಕಾಯಿಯ ಹಳದಿ. ಪುಂಡಿ ನಾರಿನ ಕುಂಚ. ಇಷ್ಟರಲ್ಲಿ ಆ ಹೆಂಗಸರು ಮದುವೆ ಮನೆಯ ಗೋಡೆ ಮೇಲೆ ಗಂಡು ಹೆಣ್ಣು, ದಂಡಿಗೆ, ಭತ್ತದ ತೆನೆ ಎಲ್ಲವನ್ನೂ ಕೂರಿಸುತ್ತಾರೆ. ಮನುಷ್ಯನ ಆಕಾರ ಅಂದರೆ ಗೆರೆ, ತ್ರಿಕೋನ. ಆದರೂ ಮದುಮಕ್ಕಳು ಯಾರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಪಿಕ್ಸೆಲ್ ಚಿತ್ರ ಕಲಿಸುವ ಮೊದಲ ದಿನ ಲ್ಯಾಪ್‌ಟಾಪ್ ತೆಗೆಸುವುದಿಲ್ಲ. ಚೌಕಳಿ ಪುಸ್ತಕ ಕೊಟ್ಟು ಒಂದು ಚಿತ್ತಾರದ ತುಣುಕನ್ನು 16ಕ್ಕೆ 16 ಚೌಕದಲ್ಲಿ ತುಂಬಿಸಲು ಹೇಳುತ್ತೇನೆ. ಓರೆ ಗೆರೆ ಎಳೆಯುವಾಗ ಮಕ್ಕಳು ತಡವರಿಸುತ್ತಾರೆ. ಒಂದು ಮೆಟ್ಟಿಲು ಎರಡು ಚುಕ್ಕಿ, ಮುಂದಿನದು ಮೂರು, ಆಮೇಲೆ ಒಂದು ಅಂತ ಹಾಕಿದರೆ ಗೆರೆ ಸೊಟ್ಟ ಕಾಣುತ್ತದೆ. ಎರಡು, ಎರಡು, ಎರಡು ಅಂತ ಹಾಕಿದರೆ ನೆಟ್ಟಗೆ. ಇಷ್ಟು ತಿಳಿದರೆ ಪಿಕ್ಸೆಲ್ ಕಲೆಯ ಅರ್ಧ ಪಾಠ ಮುಗಿಯಿತು.

ಇನ್ನೊಂದು ಮಾತು. ಮೊದಲು ಬೆಳಕು ಕತ್ತಲೆ ನೋಡಿ, ಬಣ್ಣ ಆಮೇಲೆ. ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿ. ಆಗಲೂ ನಾಯಕ ಹಿನ್ನೆಲೆಯಿಂದ ಬೇರೆಯಾಗಿ ಎದ್ದು ಕಂಡರೆ ಸರಿಯಾಗಿದೆ ಅಂತ ಅರ್ಥ.

ಆಟದಲ್ಲಿ ಕನ್ನಡ ಅಕ್ಷರ ಹಾಕಬಹುದಾ?

ಹಾಕಲೇಬೇಕು. ಆದರೆ ಹಳೇ ಆಟಗಳ ಅಳತೆ ಇಂಗ್ಲಿಷಿಗೆ ಆದದ್ದು. ಒಂದು ಅಕ್ಷರಕ್ಕೆ 8ಕ್ಕೆ 8 ಚುಕ್ಕಿ. ನಮ್ಮದು ಅಷ್ಟರಲ್ಲಿ ಹಿಡಿಯುವುದಿಲ್ಲ. ‘ತೀರ್ಥಹಳ್ಳಿ’ ಬರೆದು ನೋಡಿ. ‘ತೀ’ಯ ದೀರ್ಘ ಬಲಕ್ಕೆ ಜಾಗ ಕೇಳುತ್ತದೆ. ಅರ್ಕಾವತ್ತು ಇನ್ನೂ ಬಲಕ್ಕೆ ತಳ್ಳುತ್ತದೆ. ‘ಳ್ಳಿ’ಗೆ ಮೇಲೆ ಗುಡಿಸು, ಕೆಳಗೆ ಒತ್ತು. ‘ಪ’ಗೆ ಹೊಟ್ಟೆ ಸೀಳಿದರೆ ‘ಷ’. ಆ ಸೀಳು ಇಲ್ಲಿ ಒಂದೇ ಚುಕ್ಕಿ. ‘ದ’ಗೂ ‘ಧ’ಗೂ ಇರುವ ವ್ಯತ್ಯಾಸ ಅಷ್ಟೇ. ಒಂದು ಚುಕ್ಕಿ ತಪ್ಪಿದರೆ ಧನ ಹೋಗಿ ದನ ಬರುತ್ತದೆ.

ನಾವು ಕಂಡುಕೊಂಡ ಅಳತೆ ಹೀಗಿದೆ. ಮೂಲ ಅಕ್ಷರಕ್ಕೆ 8 ಚುಕ್ಕಿ ಎತ್ತರ, ಮೇಲೆ ತಲೆಕಟ್ಟು ಮತ್ತು ಗುಡಿಸಿಗೆ 3, ಕೆಳಗೆ ಒತ್ತಿಗೆ 5. ಒಟ್ಟು 16. ಅಗಲವೂ 16 ಅಂದುಕೊಂಡರೆ ಗೇಮ್ ಬಾಯ್ ಪರದೆಯ ಒಂದು ಸಾಲಿಗೆ ಹತ್ತೇ ಅಕ್ಷರ. ಮಾತು ಚಿಕ್ಕದಾಗಿರಬೇಕು. ‘ದಯವಿಟ್ಟು ಮುಂದುವರಿಯಲು ಬಟನ್ ಒತ್ತಿರಿ’ ಅಂತ ಬರೆಯಲು ಜಾಗ ಎಲ್ಲಿದೆ? ‘ಮುಂದೆ’ ಸಾಕು. ನನಗಂತೂ ಇದು ಒಳ್ಳೆಯದೇ ಅನಿಸುತ್ತದೆ. ಜನ ಆಡುವ ಮಾತಿಗೆ ಹತ್ತಿರ ಬರುತ್ತೇವೆ.

ತಾಂತ್ರಿಕವಾಗಿ ಎರಡು ದಾರಿ. ಗೊಡೊ 4 ಎಂಬ ಆಟ ಕಟ್ಟುವ ಸಾಫ್ಟ್‌ವೇರಿನಲ್ಲಿ ಮಾಡಿದರೆ, ಸರಿಯಾದ ಕನ್ನಡ ಫಾಂಟ್ ಕೊಟ್ಟರೆ ಒತ್ತು, ಗುಣಿತ ತಾವಾಗಿಯೇ ಸೇರಿಕೊಳ್ಳುತ್ತವೆ. ಚಿಕ್ಕ ಸಾಧನಗಳಲ್ಲಿ ಹಾಗಾಗುವುದಿಲ್ಲ. ಅಲ್ಲಿ ನಾವು ಬೇಕಾದ ಪದಗಳನ್ನೇ ಚಿತ್ರದಂತೆ ಬಿಡಿಸಿ ಇಟ್ಟುಕೊಳ್ಳುತ್ತೇವೆ. ಇಡೀ ಆಟಕ್ಕೆ ಮೂವತ್ತು ನಲವತ್ತು ಪದ. ಒಂದು ಭಾನುವಾರದ ಕೆಲಸ.

ಸಂಗೀತ ಹೇಗೆ?

ಗೇಮ್ ಬಾಯ್‌ನಲ್ಲಿ ನಾಲ್ಕು ದನಿ. ರಾಗಕ್ಕೆ ಎರಡು, ನಾವೇ ಆಕಾರ ಕೊಡಬಹುದಾದ ಅಲೆ ಒಂದು, ಬರೀ ಸದ್ದಿನದು ಒಂದು. ಮೂಲ ಆಟದ ಹಿನ್ನೆಲೆಯಲ್ಲಿ ನೂರು ಜನರ ವಾದ್ಯಗೋಷ್ಠಿ ಇದ್ದರೂ ನೀವು ಹಿಡಿಯಬೇಕಾದದ್ದು ಗುನುಗಲು ಬರುವ ಆ ಒಂದು ಸಾಲು. ಸಂಗೀತ ಕಟ್ಟಲು ಬೀಪ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಇದೆ, ಬ್ರೌಸರಿನಲ್ಲೇ ಓಡುತ್ತದೆ, ದುಡ್ಡು ಬೇಡ. ಯಕ್ಷಗಾನ ಕೇಳಿ ಬೆಳೆದ ಮಕ್ಕಳಿಗೆ ತಾಳ ಬೇಗ ಬರುತ್ತದೆ. ಚಂಡೆಯ ಪೆಟ್ಟನ್ನು ಸದ್ದಿನ ದನಿಯಲ್ಲಿ ಚಿಕ್ಕದಾಗಿ ಕತ್ತರಿಸಿದರೆ ಸಾಕು. ಮದ್ದಳೆಗೆ ಶ್ರುತಿ ಇದೆ, ಅದಕ್ಕೆ ಅಲೆಯ ದನಿ ಬೇಕು.

ಅದೇ ಸದ್ದಿನ ದನಿಯಲ್ಲಿ ಮಳೆಯನ್ನೂ ಮಾಡಿದೆವು. ಸ್ಪೀಕರ್ ಜೋರಾಗಿತ್ತು. ಒಳಗಿಂದ ನಮ್ಮತ್ತೆ, “ಅಂಗಳದಲ್ಲಿ ಅಡಿಕೆ ಇದ್ಯಲ್ರೋ, ಎತ್ರೋ” ಅಂತ ಓಡಿ ಬಂದರು.

ನಮ್ಮೂರಿನ ಮಳೆ, ಕಾಡು ಇದರಲ್ಲಿ ತರಬಹುದಾ?

ತರಬಹುದು. ಮೊದಲು ಎಲ್ಲರೂ ಮಳೆ ಅಂದರೆ ಓರೆ ಗೆರೆ ಹಾಕುತ್ತಾರೆ. ಆಷಾಢದಲ್ಲಿ ಜಗಲಿಯಲ್ಲಿ ಕೂತು ನೋಡಿ. ಜಡಿಮಳೆಯಲ್ಲಿ ಹನಿ ಕಾಣುವುದಿಲ್ಲ. ಕಾಣುವುದು ಮೂರು. ಅಂಗಳದಲ್ಲಿ ಹನಿ ಬಿದ್ದು ಸಿಡಿಯುವುದು, ಹಂಚಿನ ಅಂಚಿನಿಂದ ಸಾಲಾಗಿ ಇಳಿಯುವ ನೀರು, ಮತ್ತೆ ಹಿಂದಿನ ಅಡಿಕೆ ಮರಗಳು ಒಂದೊಂದಾಗಿ ಬೂದಿ ಬಣ್ಣಕ್ಕೆ ತಿರುಗುವುದು. ನಾವು ಗೆರೆಗಳನ್ನು ಪೂರ್ತಿ ತೆಗೆದೆವು. ನೆಲದ ಮೇಲೆ ಅಲ್ಲಲ್ಲಿ ಒಂದು ಬಿಳಿ ಚುಕ್ಕಿ, ಮುಂದಿನ ಫ್ರೇಮಿನಲ್ಲಿ ಅದು ಎರಡಾಗಿ ಪಕ್ಕಕ್ಕೆ ಸಿಡಿದು ಮಾಯ. ಹಿಂದಿನ ಮರಗಳಿಗೆ ಒಂದು ಛಾಯೆ ಕಮ್ಮಿ. ಅಷ್ಟಕ್ಕೇ ಮಳೆ ಹಿಡಿದುಕೊಂಡಿತು.

ಜೋಗವನ್ನೂ ಮಾಡಿದ್ದೇವೆ. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕಕ್ಕೂ ಎಂಟು ಚುಕ್ಕಿ ಅಗಲದ ಒಂದೇ ತುಣುಕನ್ನು ಬಳಸಿ, ಹರಿಯುವ ವೇಗ ಮಾತ್ರ ಬೇರೆ ಬೇರೆ ಇಟ್ಟೆವು. ರಾಜ ನಿಧಾನ, ಗಂಭೀರ. ರಾಕೆಟ್ ಬಿಟ್ಟುಬಿಟ್ಟು ಚಿಮ್ಮುತ್ತದೆ.

ನನ್ನ ಹತ್ತಿರ ಹಳೇ ಲ್ಯಾಪ್‌ಟಾಪ್ ಇದೆ. ಯಾವ ಸಾಫ್ಟ್‌ವೇರ್ ಬೇಕು?

ಹಳೇದೇ ಸಾಕು. ಇದರ ದೊಡ್ಡ ಅನುಕೂಲವೇ ಅದು. ಚಿತ್ರಕ್ಕೆ ಪಿಸ್ಕೆಲ್, ಬ್ರೌಸರಿನಲ್ಲಿ ಓಡುತ್ತದೆ. ಇಲ್ಲವೇ ಲಿಬ್ರೆಸ್ಪ್ರೈಟ್. ಎರಡೂ ಉಚಿತ. ಏಸ್‌ಪ್ರೈಟ್ ಇನ್ನೂ ಚೆನ್ನಾಗಿದೆ, ಆದರೆ ಕೊಳ್ಳಬೇಕು.

ಆಟ ಕಟ್ಟಲು ನಾವು ಹೆಚ್ಚಾಗಿ ಬಳಸುವುದು ಟಿಕ್-80. ಇಂಥವಕ್ಕೆ ಫ್ಯಾಂಟಸಿ ಕನ್ಸೋಲ್ ಅನ್ನುತ್ತಾರೆ, ಅಂದರೆ ಯಾವತ್ತೂ ಅಂಗಡಿಗೆ ಬಾರದ ಕಾಲ್ಪನಿಕ ಹಳೇ ಮೆಷಿನ್ನು. ಪರದೆ 240ಕ್ಕೆ 136, ಬಣ್ಣ 16. ಚಿತ್ರ, ನಕ್ಷೆ, ಸಂಗೀತ, ಕೋಡ್ ಎಲ್ಲ ಒಂದೇ ಕಡೆ. ಮುಕ್ತ ತಂತ್ರಾಂಶ. ಇದಕ್ಕೂ ಮೊದಲು ಹೆಸರು ಮಾಡಿದ್ದು ಪಿಕೊ-8, 128ಕ್ಕೆ 128 ಪರದೆ. ಅದಕ್ಕೆ ದುಡ್ಡು ಕೊಡಬೇಕು, ಆದರೆ ಬ್ರೌಸರಿನಲ್ಲಿ ಓಡುವ ಉಚಿತ ಕಲಿಕಾ ಆವೃತ್ತಿ ಇದೆ. ‘ಸೆಲೆಸ್ಟ್’ ಎಂಬ ಆಟ ಮೊದಲು ಹುಟ್ಟಿದ್ದು ಪಿಕೊ-8ರಲ್ಲಿ, ನಾಲ್ಕೇ ದಿನದಲ್ಲಿ. 2018ರಲ್ಲಿ ಅದು ಪೂರ್ಣ ಆಟವಾಗಿ ಬಂತು.

ಕೋಡಿಂಗ್ ಬರಲ್ಲ ಅಂದ್ರೆ?

ಗೇಮ್ ಬಾಯ್ ಆಟ ಕಟ್ಟುವ ಜಿಬಿ ಸ್ಟುಡಿಯೋ ಎಂಬ ಸಾಫ್ಟ್‌ವೇರ್ ಹಾಕಿಕೊಳ್ಳಿ. ಉಚಿತ. ಚಿತ್ರ ತಂದಿಟ್ಟು, ಮೌಸಿನಲ್ಲೇ ಆರಿಸಿ ಆಟ ಜೋಡಿಸಬಹುದು. ಕೊನೆಗೆ ಬರುವ ಫೈಲ್ ನಿಜವಾದ ಗೇಮ್ ಬಾಯ್‌ನಲ್ಲೂ ಓಡುತ್ತದೆ. ಒಂದು ವಿಷಯ ನೆನಪಿಡಿ. ಗೇಮ್ ಬಾಯ್‌ನ ಒಂದು ಪರದೆಗೆ 8ಕ್ಕೆ 8ರ 360 ತುಣುಕು ಬೇಕು. ಆದರೆ ಬೇರೆ ಬೇರೆ ತುಣುಕು 192ಕ್ಕಿಂತ ಜಾಸ್ತಿ ಇರುವಂತಿಲ್ಲ. ಹಾಗಾಗಿ ಒಂದೇ ಎಲೆ, ಒಂದೇ ಹಂಚು, ಒಂದೇ ಕಲ್ಲನ್ನು ಮತ್ತೆ ಮತ್ತೆ ಬಳಸುವ ಜಾಣತನ ಬೇಕು. ಮೊದಲ ಚಿತ್ರ ಹಾಕಿದಾಗ ಎಲ್ಲರಿಗೂ ‘ತುಣುಕು ಜಾಸ್ತಿಯಾಯಿತು’ ಅಂತ ಎಚ್ಚರಿಕೆ ಬರುತ್ತದೆ. ಹೆದರಬೇಡಿ.

ಎಷ್ಟು ದಿನ ಹಿಡಿಯುತ್ತೆ?

ಇಡೀ ಆಟ ಮಾಡಲು ಹೋದರೆ ಮುಗಿಯುವುದೇ ಇಲ್ಲ. ಒಂದು ದೃಶ್ಯ ಆರಿಸಿ. ಐದು ನಿಮಿಷ ಆಡುವಷ್ಟು. ದಿನಕ್ಕೆ ಎರಡು ಗಂಟೆ ಕೂತರೆ ಒಂದು ತಿಂಗಳು.

ಇದು ಕಳ್ಳತನ ಅಲ್ವಾ? ಕೇಸ್ ಹಾಕಲ್ವಾ?

ಒಳ್ಳೆ ಪ್ರಶ್ನೆ, ನೇರವಾಗಿ ಹೇಳುತ್ತೇನೆ. ಆಟದ ಪಾತ್ರ, ಹೆಸರು, ಸಂಗೀತ ಎಲ್ಲ ಕಂಪನಿಯ ಹಕ್ಕು. ನೀವು ಹೊಸದಾಗಿ ಬಿಡಿಸಿದರೂ ಪಾತ್ರ ಅವರದ್ದೇ. ಫ್ರೀಯಾಗಿ ಕೊಟ್ಟೆ ಅಂದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನಲ್ಲಿ ಸ್ವಂತ ಬಳಕೆ, ಸಂಶೋಧನೆ, ವಿಮರ್ಶೆಗೆ ವಿನಾಯಿತಿ ಇದೆ. ಆದರೆ ಆ ಮಾತಿನಲ್ಲೇ ಕಂಪ್ಯೂಟರ್ ಪ್ರೋಗ್ರಾಂಗಳನ್ನು ಹೊರಗಿಟ್ಟಿದ್ದಾರೆ. ಅದನ್ನು ನಂಬಿ ಕೂರಬೇಡಿ.

ಕಂಪನಿಗಳು ನಡೆದುಕೊಂಡ ರೀತಿಯೂ ಒಂದೇ ಥರ ಇಲ್ಲ. 2012ರ ಡಿಸೆಂಬರಿನಲ್ಲಿ ಒಬ್ಬ ಅಭಿಮಾನಿ ಎಂಟು ಬಿಟ್ ಶೈಲಿಯಲ್ಲಿ ಕಟ್ಟಿದ ‘ಸ್ಟ್ರೀಟ್ ಫೈಟರ್ ಎಕ್ಸ್ ಮೆಗಾ ಮ್ಯಾನ್’ ಆಟವನ್ನು ಕ್ಯಾಪ್‌ಕಾಮ್ ಕಂಪನಿಯೇ ಬೆನ್ನು ತಟ್ಟಿ ಉಚಿತವಾಗಿ ಬಿಡುಗಡೆ ಮಾಡಿತು. ಇನ್ನೊಂದು ಕಡೆ, 2022ರ ಜನವರಿಯಲ್ಲಿ ಬಂದ ಬ್ಲಡ್‌ಬೋರ್ನ್ ಆಟದ ಪ್ಲೇಸ್ಟೇಷನ್ 1 ಶೈಲಿಯ ಡೀಮೇಕ್ ಇದೆ. ಜನ ಮುಗಿಬಿದ್ದು ಆಡಿದರು. ಅದೇ ಕೈಗಳು ಮುಂದೆ ಅದೇ ಲೋಕದಲ್ಲಿ ಗಾಡಿ ಓಡಿಸುವ ಆಟ ಮಾಡಿದಾಗ ಬ್ಲಡ್‌ಬೋರ್ನ್ ಹಕ್ಕು ಇರುವ ಸೋನಿ ಕಂಪನಿ ಸಂಪರ್ಕಿಸಿತು. ಹೆಸರು, ಪಾತ್ರ ಬದಲಿಸಿ 2024ರ ಮೇ ತಿಂಗಳಲ್ಲಿ ‘ನೈಟ್‌ಮೇರ್ ಕಾರ್ಟ್’ ಅಂತ ಬಿಟ್ಟರು. 2025ರ ಆರಂಭದಲ್ಲಿ ಮೊದಲಿನ ಡೀಮೇಕ್ ಅನ್ನೂ ತೆಗೆಸಲಾಯಿತು. ಪೋರ್ಟಲ್ ಆಟವನ್ನು ನಿಂಟೆಂಡೋ 64 ಎಂಬ ಹಳೇ ಮೆಷಿನ್ನಿಗೆ ಇಳಿಸುತ್ತಿದ್ದವರು 2024ರ ಜನವರಿಯಲ್ಲಿ ಕೆಲಸ ನಿಲ್ಲಿಸಬೇಕಾಯಿತು. ನಿಲ್ಲಿಸಲು ಕೇಳಿದ್ದು ಪೋರ್ಟಲ್ ಮಾಡಿದ ವಾಲ್ವ್ ಕಂಪನಿ. ಆ ಡೀಮೇಕ್ ನಿಂಟೆಂಡೋದ ಸ್ವಂತ ಕೋಡ್ ಸಂಗ್ರಹವನ್ನು ನೆಚ್ಚಿಕೊಂಡಿದ್ದು ಇದಕ್ಕೆ ಕಾರಣ.

ಹಾಗಾಗಿ ನಮ್ಮ ಜಗಲಿಯಲ್ಲಿ ಮಾಡುವ ಡೀಮೇಕ್‌ಗಳು ಜಗಲಿಯಲ್ಲೇ ಇರುತ್ತವೆ. ಕಲಿಯಲು ಮಾಡುತ್ತೇವೆ. ಹೊರಗೆ ಬಿಡಬೇಕು ಅನಿಸಿದರೆ ಹೆಸರು, ಪಾತ್ರ, ಕಥೆ, ರಾಗ ಎಲ್ಲ ನಮ್ಮದೇ ಮಾಡಿಕೊಳ್ಳುತ್ತೇವೆ. ಆ ಶಾಲಿನ ಆಟ ಈಗ ಮಳೆಗಾಲದಲ್ಲಿ ಕೊಡೆ ಹಿಡಿದು ಘಾಟಿ ಹತ್ತುವ ಹುಡುಗಿಯ ಆಟವಾಗಿದೆ. ಶಾಲಿನ ಹಿಂದಿದ್ದ ಆ 30 ಜಾಗದ ಲೆಕ್ಕ ಅವಳ ಜಡೆಗೆ ಬಂದಿದೆ.

ಇದರಲ್ಲಿ ದುಡ್ಡಿದೆಯಾ?

ಡೀಮೇಕ್ ಮಾರಬೇಡಿ. ಇದರಿಂದ ಕಲಿತ ಚಿತ್ರ, ಕೋಡ್, ಸಂಗೀತಕ್ಕೆ ಬೆಲೆ ಇದೆ.

ಮಗ ಇಡೀ ದಿನ ಇದರಲ್ಲೇ ಇರ್ತಾನೆ. ಓದು ಹಾಳಾಗಲ್ವಾ?

ಅಪ್ಪ ಅಮ್ಮಂದಿರು ಕೇಳುವುದು ಇದೊಂದೇ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆಡುವುದಕ್ಕೂ ಕಟ್ಟುವುದಕ್ಕೂ ವ್ಯತ್ಯಾಸ ಇದೆ, ಅವನ ಪಕ್ಕ ಹತ್ತು ನಿಮಿಷ ಕೂತು ನೋಡಿ. ಹಾರಿದವನು ಕೆಳಗೆ ಬೀಳುವಾಗ ವೇಗ ಹೇಗೆ ಹೆಚ್ಚುತ್ತದೆ ಅಂತ ಅವನು ಅಂಕಿ ಹಾಕಿ ಹಾಕಿ ನೋಡುತ್ತಿರುತ್ತಾನೆ. ಅದು ಒಂಬತ್ತನೇ ಕ್ಲಾಸಿನ ಗುರುತ್ವದ ಪಾಠವೇ. ಆದರೂ ಪರೀಕ್ಷೆ ಸಮಯದಲ್ಲಿ ನಾನು ಯಾರನ್ನೂ ಕೂರಿಸಿಕೊಳ್ಳುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಮಕ್ಕಳ ಫೋನ್ ಎತ್ತುವುದಿಲ್ಲ.

ಮಾಡಿದ್ದನ್ನು ಹೇಗೆ ಕಾಪಾಡಿಕೊಳ್ಳೋದು?

ಇದನ್ನು ನೋವಿನಿಂದ ಕಲಿತಿದ್ದೇನೆ. ಒಮ್ಮೆ ಲ್ಯಾಪ್‌ಟಾಪಿನ ಕೀಬೋರ್ಡ್ ಕೆಟ್ಟಿತ್ತು, ರಿಪೇರಿಗೆ ಕೊಟ್ಟೆ. ಕೀಬೋರ್ಡ್ ಸರಿಯಾಯಿತು. ಜೊತೆಗೆ ಒಂದು ಮಾತೂ ಹೇಳದೆ ಇಡೀ ಡಿಸ್ಕ್ ಫಾರ್ಮ್ಯಾಟ್ ಮಾಡಿಬಿಟ್ಟಿದ್ದರು. ಮೂರು ತಿಂಗಳ ಕೆಲಸ ಹೋಯಿತು. ಫೋನಿನಲ್ಲಿದ್ದ ಏಳು ಫೋಟೋ ಮಾತ್ರ ಉಳಿದವು. ಮಕ್ಕಳಿಗೆ ಹೇಳುವಾಗ ಗಂಟಲು ಕಟ್ಟಿತು.

ಆವತ್ತಿನಿಂದ ಪ್ರತಿದಿನ ಕೆಲಸ ಮುಗಿಸಿ ಏಳುವ ಮುಂಚೆ ಪೆನ್‌ಡ್ರೈವಿಗೆ ಒಂದು ಪ್ರತಿ, ವಾರಕ್ಕೊಮ್ಮೆ ಆನ್‌ಲೈನ್ ಒಂದು ಪ್ರತಿ. ಈ ಆಟಗಳ ಫೈಲ್ ಒಂದು ಫೋಟೋಗಿಂತ ಚಿಕ್ಕದು, ಮಳೆಗಾಲದ ನಮ್ಮ ನೆಟ್‌ವರ್ಕಿನಲ್ಲೂ ಹೋಗುತ್ತದೆ. ಕರೆಂಟ್ ಹೋಗುವ ದಿನಗಳಲ್ಲಿ ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡಿ. ಹಳೇ ಫೈಲಿನ ಮೇಲೆ ಬರೆಯಬೇಡಿ, ಹೆಸರಿನ ಮುಂದೆ ತಾರೀಕು ಹಾಕಿ ಹೊಸದು ಇಡಿ.

ಮುಗಿದ ಮೇಲೆ ಯಾರಿಗೆ ತೋರಿಸಲಿ?

ಮೂಲ ಆಟ ಆಡದೇ ಇದ್ದವರಿಗೆ. ಆಡಿದವರು ನೆನಪಿನಿಂದ ಖಾಲಿ ಜಾಗ ತುಂಬಿಕೊಳ್ಳುತ್ತಾರೆ, ನಿಮ್ಮ ತಪ್ಪು ಕಾಣುವುದಿಲ್ಲ. ಶಾಲಿನ ಆಟವನ್ನು ಪಕ್ಕದ ಮನೆಯ ಅಜ್ಜನ ಕೈಗೆ ಕೊಟ್ಟಿದ್ದೆವು. ಯಾವ ಬಟನ್ ಏನು ಅಂತಲೂ ಹೇಳಲಿಲ್ಲ. ಎರಡು ಸಲ ಬಿದ್ದರು. ಮೂರನೇ ಸಲ, “ಬಿಳಿ ಖಾಲಿಯಾದ್ರೆ ಹಾರಕ್ಕಾಗಲ್ಲ ಅಲ್ದನಾ?” ಅಂತ ಅವರೇ ಕೇಳಿದರು. ಆಡುವವರ ಪಕ್ಕ ಕೂತು ಬಾಯಿ ಮುಚ್ಚಿಕೊಂಡು ಅವರ ಹೆಬ್ಬೆರಳು ನೋಡಿ. ಎಲ್ಲಿ ತಡವರಿಸುತ್ತದೋ ಅಲ್ಲಿ ಗುರುತು ಹಾಕಿಕೊಳ್ಳಿ. ಮಾರನೇ ದಿನದ ಕೆಲಸ ಅದು.

ಈ ರಜೆಗೆ ನಾನೂ ಬರಬಹುದಾ?

ಬನ್ನಿ. ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಎರಡನೇ ವಾರದಿಂದ. ಚೌಕಳಿ ಪುಸ್ತಕ, ಪೆನ್ಸಿಲ್, ಇದ್ದರೆ ಲ್ಯಾಪ್‌ಟಾಪ್ ಮತ್ತು ಚಾರ್ಜರ್. ಯಾವ ಆಟದ ಯಾವ ಐದು ನಿಮಿಷ ಬೇಕು ಅಂತ ಯೋಚಿಸಿಕೊಂಡು ಬನ್ನಿ. ಊಟ ನಮ್ಮನೆಯಲ್ಲೇ.